ಎಂಟರ ಹಿಟ್ಟು

ಹಂದಿಗೆ ಸೋಯಾ ತಿನ್ನಿಸುವುದು ಅಪರಾಧ ಎಂದು ಕಾಯಿದೆ ಬಂದ ಕಾಲದ ಮಾತು ಇದು. ಜನರ ತಟ್ಟೆಗೇ ಬೇಳೆ ಸಾಲದೆ ಹೋದಾಗ ಸರಕಾರ ಒಂದೊಂದೇ ಬಾಗಿಲು ಮುಚ್ಚುತ್ತ ಬಂತು. ಮೊದಲು ಸೋಯಾ, ಆಮೇಲೆ ಶೇಂಗಾ ಹಿಂಡಿ, ಅದರ ಬೆನ್ನಿಗೇ ಹುರುಳಿ. ಬರುವ ಜನವರಿ ಒಂದರಿಂದ ಮೀನಿನ ತಲೆಯನ್ನೂ ಹಂದಿಗೆ ಹಾಕುವಂತಿಲ್ಲ, ಮಾರ್ಕೆಟ್ಟಿನ ಮೀನಿನ ಕಸವೆಲ್ಲ ಕಾರ್ಖಾನೆಗೆ ಹೋಗಿ ಮನುಷ್ಯರು ತಿನ್ನುವ ಪುಡಿಯಾಗಬೇಕು ಎಂದು ಆದೇಶ ಹೊರಟಿತ್ತು. ಹಂದಿಯ ಪಾಲಿಗೆ ಉಳಿದದ್ದು ಮರಗೆಣಸು, ತೌಡು ಬೆರೆಸಿ ಬೀಸಿದ ಒಂದು ಹಿಟ್ಟು. ನೂರು ಕಿಲೋ ಹಿಟ್ಟಿನಲ್ಲಿ ಎಂಟು ಕಿಲೋ ಪ್ರೋಟೀನ್. ಜನ ಅದನ್ನು ಎಂಟರ ಹಿಟ್ಟು ಎಂದು ಕರೆದರು. ಅದನ್ನು ತಿಂದ ಹಂದಿ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ.

ಹಾಗಾದರೆ ಬಡಕಲಾಗಿಯೇ ಸಾಕೋಣ ಎಂದರೆ ಅದಕ್ಕೂ ದಾರಿ ಇರಲಿಲ್ಲ. ಪ್ರಾಣಿಯನ್ನು ಹಸಿವಿನಲ್ಲಿಟ್ಟು ಸಾಕುವುದು ಇನ್ನೊಂದು ಕಾಯಿದೆಯಲ್ಲಿ ಅಪರಾಧ. ಆದ್ದರಿಂದ ಡಿಸೆಂಬರ್ ಮೂವತ್ತೊಂದರೊಳಗೆ ಹಂದಿ ಗೂಡುಗಳನ್ನು ಖಾಲಿ ಮಾಡಿ ಎಂದು ಬೊಳ್ಳಿಪದವಿನ ಸುತ್ತಲಿನ ನಲ್ವತ್ತು ಮನೆಗಳಿಗೆ ನೋಟೀಸು ಬಂದಿತ್ತು. ಅದರಲ್ಲಿ ಸೆವ್ರಿನ್ ಬಾಯಿಯದೂ ಒಂದು ಮನೆ. ಅವಳ ಗೂಡಿನಲ್ಲಿ ಇದ್ದದ್ದು ಕಪ್ಪಿ ಎಂಬ ಒಂದೇ ಹೆಣ್ಣು ಹಂದಿ. ಅವಳ ಅಜ್ಜಿಯ ಕಾಲದಿಂದ ತಾಯಿಯಿಂದ ಮಗಳಿಗೆ ಎಂಬಂತೆ ಅದೇ ಗೂಡಿನಲ್ಲಿ ನಡೆದುಬಂದ ತಳಿ. ಊರ ಮದುವೆಯ ಊಟಕ್ಕೆ ಆ ತಳಿಯ ಹಂದಿಯೇ ಬೇಕು ಎಂದು ಹುಡುಕಿಕೊಂಡು ಬರುವವರಿದ್ದರು.

ನೋಟೀಸಿನ ಕೊನೆಯಲ್ಲಿ ಒಂದು ಸಾಲು ಮಾತ್ರ ಜೀವ ಹಿಡಿದುಕೊಂಡಿತ್ತು. ಎಂಟರ ಹಿಟ್ಟಿನಲ್ಲೇ ಹಂದಿ ಬೆಳೆಯುವಂತೆ ಮಾಡುವ ಸೇರ್ಪಡೆ ಯಾವುದಾದರೂ ಅಷ್ಟರೊಳಗೆ ಪರೀಕ್ಷೆಯಲ್ಲಿ ಗೆದ್ದರೆ ಗೂಡುಗಳು ಉಳಿಯಬಹುದು ಎಂಬ ಸಾಲು.

ಅಂಥದೊಂದು ಪುಡಿ ಊರ ಎತ್ತರದ ಪದವಿನ ಮೇಲಿನ ಸಂಶೋಧನಾ ಕೇಂದ್ರದಲ್ಲಿ ತಯಾರಾಗಿತ್ತು. ಮಾಡಿದವರು ಡಾಕ್ಟರ್ ನೀಲಾಂಬಿಕೆ ಹೂಗಾರ, ಬಾಗಲಕೋಟೆ ಕಡೆಯವರು. ಹನ್ನೊಂದು ವರ್ಷ ಹಂದಿಯ ಕರುಳಿನ ಹಿಂದೆ ಬಿದ್ದವರು, ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಅವರ ಹಂದಿಗಳಿಗೆ ಹಿಟ್ಟು ಹಾಕಿ ಗೂಡು ತೊಳೆಯುವ ಕೆಲಸ ಸೆವ್ರಿನ್ ಬಾಯಿಯದು.

"ರುಚಿ ನೋಡದೆ ಇಷ್ಟು ವರ್ಷ ಹಂದಿ ಸಾಕಿದವರು ಲೋಕದಲ್ಲಿ ನೀವೊಬ್ಬರೇ ಡಾಕ್ಟ್ರೆ" ಎಂದು ಅವಳು ಕೆಣಕುತ್ತಿದ್ದಳು.

"ನಿಮ್ಮಂಥವರು ಬಿಟ್ರ ತಾನೇ ರೀ ಬಾಯಿ, ಅವು ನನ್ನ ಕೈಯಾಗ ಉಳಿಯೋದು" ಎಂದು ಡಾಕ್ಟರು ತಿರುಗಿಸಿ ಕೊಡುತ್ತಿದ್ದರು.

ಪುಡಿ ಏನು ಮಾಡುತ್ತದೆ ಎಂದು ಸೆವ್ರಿನ್ ಒಮ್ಮೆ ಕೇಳಿದ್ದಳು. ಡಾಕ್ಟರು ಕೈಲಿದ್ದ ಪೆನ್ನನ್ನು ಕೆಳಗಿಟ್ಟು ಬೆರಳುಗಳಲ್ಲೇ ಹೂ ಕಟ್ಟುವಂತೆ ಮಾಡಿ ತೋರಿಸಿದರು.

"ನಮ್ಮದು ಹೂ ಕಟ್ಟೋ ಮನಿತನ ರೀ. ಮೈ ಬೆಳೆಯೋದು ಅಂದ್ರ ಮಾಲಿ ಕಟ್ಟಿಧಂಗ. ಇಪ್ಪತ್ತು ಬಣ್ಣದ ಹೂ ಬೇಕು. ಒಂದ ಬಣ್ಣ ತೀರ್ತು ಅಂದ್ರ ಕೈ ನಿಂತ ಬಿಡ್ತದ. ಉಳಿದ ಹತ್ತೊಂಬತ್ತು ಬುಟ್ಟಿ ತುಂಬ ಇದ್ರೂ ಉಪಯೋಗ ಇಲ್ಲ, ಚೆಲ್ಲಬೇಕು. ಹಂದಿ ಅದನ್ನ ಮೂತ್ರದಾಗ ಚೆಲ್ತದ. ಗೂಡಿನ್ಯಾಗ ಕಣ್ಣು ಉರಿಯೋ ವಾಸನಿ ಬರ್ತದಲ್ಲ, ಅಮೋನಿಯಾ, ಅದು ಚೆಲ್ಲಿದ ಹೂವಿನ ವಾಸನಿ. ನನ್ನ ಪುಡಿಯೊಳಗಿನ ಜೀವಾಣು ಸಣ್ಣ ಕರುಳಿನ್ಯಾಗ ಮನಿ ಮಾಡ್ತಾವ. ಚೆಲ್ಲೋದನ್ನ ಹಿಡದು, ತೀರಿದ ಬಣ್ಣ ಯಾವುದೋ ಅದನ್ನ ಮಾಡಿ ಕೊಡ್ತಾವ."

"ಸನ್ನದ ಹಿಟ್ಟು ಉಬ್ಬಲಿಕ್ಕೆ ಕಳ್ಳು ಹಾಕಿದ ಹಾಗೆ?"

"ಕಳ್ಳು ನಾ ನೋಡಿಲ್ರಿ. ಆದ್ರ ಹೌದು, ಹಂಗ ಅಂತ ತಿಳೀರಿ."

ಪರೀಕ್ಷೆ ಆಗಸ್ಟಿನಲ್ಲಿ ಶುರುವಾಯಿತು. ತೆಂಕಿನ ಗೂಡಿನಲ್ಲಿ ಹನ್ನೆರಡು ಮರಿ, ಬಡಗಿನ ಗೂಡಿನಲ್ಲಿ ಹನ್ನೆರಡು. ಎರಡಕ್ಕೂ ಎಂಟರ ಹಿಟ್ಟೇ. ಒಂದು ಗೂಡಿನ ಚೀಲಗಳಿಗೆ ಕೆಂಪು ದಾರ, ಇನ್ನೊಂದರದಕ್ಕೆ ಬಿಳಿ ದಾರ. ಯಾವ ದಾರದ ಚೀಲದಲ್ಲಿ ಪುಡಿ ಸೇರಿದೆ ಎಂಬುದು ಡಾಕ್ಟರಿಗೂ ಗೊತ್ತಿಲ್ಲ. ಬೆಂಗಳೂರಿನ ಪರಿಶೀಲನಾ ಸಮಿತಿ ಚೀಟಿ ಎತ್ತಿ ಮೊಹರು ಮಾಡಿ ಇಟ್ಟುಕೊಂಡಿತ್ತು. ಹಿಟ್ಟು ಯಂತ್ರದಿಂದ ಗ್ರಾಂ ಲೆಕ್ಕದಲ್ಲಿ ಮರಿಗಳು ತಿನ್ನುವ ದೋಣಿಗೆ ಬೀಳುತ್ತಿತ್ತು, ಮೇಲೆ ಕ್ಯಾಮೆರಾ ನೋಡುತ್ತಿತ್ತು, ಗೋಡೆಯ ಮೀಟರು ಗಾಳಿಯಲ್ಲಿ ಅಮೋನಿಯಾ ಎಷ್ಟಿದೆ ಎಂದು ಅಳೆಯುತ್ತಿತ್ತು. ವಾರಕ್ಕೊಮ್ಮೆ ಮರಿಗಳನ್ನು ಪಂಜರದ ತಕ್ಕಡಿಗೆ ಹತ್ತಿಸಿ ತೂಗಬೇಕು. ಸೆವ್ರಿನ್ ತೂಕ ಕೂಗಿ ಹೇಳುತ್ತಾಳೆ, ಡಾಕ್ಟರು ಬರೆದುಕೊಳ್ಳುತ್ತಾರೆ.

ಮೂರನೆಯ ವಾರಕ್ಕೆ ಬಡಗಿನ ಮರಿಗಳ ಬೆನ್ನುಮೂಳೆ ಎದ್ದು ಕಾಣತೊಡಗಿತು. ಕೂದಲು ಒರಟಾಯಿತು. ಅವು ಒಂದರ ಬಾಲವನ್ನು ಇನ್ನೊಂದು ಕಚ್ಚತೊಡಗಿದವು. ಹೊಟ್ಟೆಗೆ ಏನೋ ಸಾಲದೆ ಹೋದಾಗ ಹಂದಿ ಶಾಂತಿ ಕಳೆದುಕೊಂಡು ಹಾಗೆ ಮಾಡುತ್ತದೆ. ಸೆವ್ರಿನ್‌ಳಿಗೆ ವಿಜ್ಞಾನ ಗೊತ್ತಿರಲಿಲ್ಲ, ಹಸಿವು ಗೊತ್ತಿತ್ತು. ಅವಳು ಗೂಡಿನೊಳಗೆ ಕಾಲಿಟ್ಟರೆ ಹನ್ನೆರಡೂ ಓಡಿಬಂದು ಅವಳ ಗಂಬೂಟನ್ನೇ ಮೂಸುತ್ತಿದ್ದವು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅವಳು ಅರ್ಧಕ್ಕೇ ಮುಚ್ಚಿಡುತ್ತಿದ್ದಳು.

ಅವಳ ಗಂಡ ಗ್ರೆಗೊರ್‌ನದು ಪೇಟೆಯಲ್ಲಿ ಮೀನು ಕತ್ತರಿಸಿ ಕೊಡುವ ಕಟ್ಟೆ. ದಿನಾ ಒಂದು ಬುಟ್ಟಿ ತಲೆ, ಕರುಳು ಮನೆಗೆ ಬರುತ್ತಿತ್ತು. ಕಪ್ಪಿಗೆ ಬೇಯಿಸಿ ಹಾಕಿ ಮಿಕ್ಕದ್ದು ತೆಂಗಿನ ಬುಡಕ್ಕೆ. ಸೆವ್ರಿನ್‌ಳ ತಾಯಿಯ ಮನೆಯ ಪದ್ಧತಿಯೊಂದಿತ್ತು. ಬಾಣಂತಿಗೆ, ಜ್ವರದಿಂದ ಎದ್ದವರಿಗೆ, ಮರಿ ಹಾಕಿದ ಹಂದಿಗೆ, ಯಾರು ಸೋತಿದ್ದರೂ ಅವರಿಗೆ ಮೀನಿನ ತಲೆಯ ಗಂಜಿ. ಅದಕ್ಕಿಂತ ದೊಡ್ಡ ಮದ್ದನ್ನು ಅವಳು ಕಂಡವಳಲ್ಲ. ಒಂದು ದಿನ ಮಿಕ್ಕ ತಲೆಗಳನ್ನು ತೌಡಿನ ಜೊತೆ ಬೇಯಿಸಿ, ಕಿವುಚಿ, ಗೂಡು ತೊಳೆಯುವ ನೀರಿನ ಬಕೆಟಿನಲ್ಲಿ ತುಂಬಿಸಿಕೊಂಡು ಹೋದಳು.

"ಡಾಕ್ಟ್ರಮ್ಮನಿಗೆ ಗೊತ್ತಾದರೆ?" ಎಂದು ಗ್ರೆಗೊರ್ ಕೇಳಿದ.

"ಅವರ ಚೀಲಕ್ಕೆ ನಾನು ಕೈ ಹಾಕಲಿಲ್ಲ ಮಾರಾಯ. ಅವರ ಹಿಟ್ಟು ಅವರ ಲೆಕ್ಕಕ್ಕೆ. ಇದು ನನ್ನ ಬಕೆಟ್."

ಅವಳ ಮನಸ್ಸಿನಲ್ಲಿ ಅದು ನಿಜವಾಗಿಯೂ ಹಾಗೇ ಇತ್ತು. ಪರೀಕ್ಷೆ ಎಂದರೆ ಚೀಲದ ಪರೀಕ್ಷೆ. ಅದನ್ನು ಯಂತ್ರ ತೂಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಅವಳು ಒಯ್ಯುವ ಬಕೆಟನ್ನು ಯಾರೂ ತೂಗುವುದಿಲ್ಲ. ಕ್ಯಾಮೆರಾಕ್ಕೆ ಕಾಣುವುದು ಗೂಡು ತೊಳೆಯುವ ಹೆಂಗಸು ಮತ್ತು ಅವಳ ಕಾಲ ಬುಡದಲ್ಲಿ ಮುತ್ತಿಕೊಂಡ ಹಂದಿಗಳು, ಅಷ್ಟೇ. ಎರಡು ವಾರದಲ್ಲಿ ಬಡಗಿನ ಮರಿಗಳ ಬೆನ್ನು ತುಂಬಿತು, ಬಾಲ ಕಚ್ಚುವುದು ನಿಂತಿತು. ತೆಂಕಿನವು ಹೇಗೂ ಚೆನ್ನಾಗಿದ್ದವು, ಅವಕ್ಕೆ ಬಕೆಟಿನ ಅಗತ್ಯ ಬೀಳಲಿಲ್ಲ. ಸೆವ್ರಿನ್ ಮೊದಲಿನಂತೆ ಉಂಡು, ಹಾಡು ಗುನುಗುತ್ತ ಗೂಡು ತೊಳೆದಳು.

ನವೆಂಬರಿನ ಮೊದಲ ವಾರ ಡಾಕ್ಟರು ಅವಳನ್ನು ಮೀಟರುಗಳ ಕೋಣೆಗೆ ಕರೆದರು. ಮೇಜಿನ ಮೇಲೆ ಅವರ ರೊಟ್ಟಿ ಬುತ್ತಿ ಮುಚ್ಚಿದಂತೆಯೇ ಇತ್ತು. ಎದುರಿನ ಪರದೆಯಲ್ಲಿ ಎರಡೂ ಗೂಡಿನ ತೂಕದ ಎರಡು ಗೆರೆಗಳು. ಶುರುವಿನಲ್ಲಿ ಸ್ವಲ್ಪ ಅಗಲಿ, ಆಮೇಲೆ ಕೂಡಿಕೊಂಡು, ಕೊನೆಯವರೆಗೂ ಒಂದೇ ಗೆರೆಯಂತೆ ಮೇಲೆ ಹೋಗಿದ್ದವು.

"ನೋಡ್ರಿ ಬಾಯಿ, ನನ್ನ ಹನ್ನೊಂದು ವರ್ಷ ಇಲ್ಲಿ ಮುಗೀತು."

"ಎಂತ ಡಾಕ್ಟ್ರೆ? ಎರಡೂ ಗೂಡು ಚಂದ ಬೆಳೆದಿದೆಯಲ್ಲ. ಖುಷಿ ಪಡ್ಲಿಕ್ಕೆ ಬೇಡವಾ?"

"ಅದ ಆಗಬಾರದಾಗಿತ್ತು. ಒಂದು ಗೂಡಿಗೆ ಪುಡಿ ಅದ, ಇನ್ನೊಂದಕ್ಕ ಇಲ್ಲ. ಇಲ್ಲದ್ದು ಹಿಂದ ಬೀಳಬೇಕು. ಅದು ಹಿಂದ ಬಿದ್ರನ ಇದು ಮುಂದ ಹೋದದ್ದು ಪುಡಿಯಿಂದ ಅಂತ ಗೊತ್ತಾಗೋದು. ಈಗ ಸಮಿತಿಯವರು ಕೇಳ್ತಾರ, ವ್ಯತ್ಯಾಸ ಎಲ್ಲಿ ಅಂತ. ಏನ್ ತೋರಿಸಲಿ? ಹಿಟ್ಟಿನ ಮಾದರಿ ಮೂರು ಸಲ ಲ್ಯಾಬಿಗೆ ಕಳಿಸಿದೆ, ಸರಿ ಅದ. ಬಡಗಿನ ಮೀಟರ್ ಅಂತೂ ಬರೇ ಸುಳ್ಳು. ಎಂಟರ ಹಿಟ್ಟು ತಿಂದ ಹಂದಿಗೆ ಚೆಲ್ಲಲಿಕ್ಕೆ ಅಷ್ಟು ಇರಂಗಿಲ್ಲ, ಅದು ಮಾತ್ರ ಗೂಡು ತುಂಬ ಅಮೋನಿಯಾ ಅಂತ ತೋರಸ್ತದ. ಎರಡು ಸಲ ಬದಲಿ ಮಾಡಿಸಿದೆ. ಇದು ಮೂರನೇದ್ದು."

ಮೇಜಿನ ಮೇಲೆ ಹೊಸ ಮೀಟರು ಪೆಟ್ಟಿಗೆಯಲ್ಲೇ ಇತ್ತು.

ಹಿಂದೆ ಬೀಳಲಿಕ್ಕೆಂದೇ ಹನ್ನೆರಡು ಮರಿಗಳನ್ನು ಇಟ್ಟಿದ್ದರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದರೆ ಯಾವ ಗೂಡು ಎಂದು ಅವಳು ಹುಡುಕಬಹುದು ಎಂದೇ ಹೇಳಿರಲಿಲ್ಲ.

"ಹಾಗಾದರೆ ಪುಡಿಗೆ ಒಪ್ಪಿಗೆ ಸಿಗುವುದಿಲ್ಲವಾ?"

"ಗುರುವಾರ ಸಭೆ ಅದ. ಮುಚ್ಚಿ ಬಿಡ್ತಾರ್ರಿ. ನಿಮ್ಮ ಊರ ಗೂಡುಗಳದ್ದ ನನಗ ಸಂಕಟ."

ಆ ಸಂಜೆ ಅವಳು ಹಿತ್ತಿಲಿನಲ್ಲಿ ಕಪ್ಪಿಯ ಗೂಡಿನ ಪಕ್ಕ ಕುಳಿತು ಗಂಡನಿಗೆ ಎಲ್ಲ ಹೇಳಿದಳು. ಕಪ್ಪಿಗೆ ಹೊಟ್ಟೆ ಜೋತಿತ್ತು, ಜನವರಿಯಲ್ಲಿ ಮರಿ ಹಾಕಬೇಕು. ಗ್ರೆಗೊರ್ ಕತ್ತಿ ಮಸೆಯುವುದನ್ನು ನಿಲ್ಲಿಸಿದ.

"ಹಸಿದವರಿಗೆ ಕೊಟ್ಟದ್ದು ಪಾಪ ಅಂತ ಯಾವ ಪಾದ್ರಿಗಳೂ ಹೇಳುವುದಿಲ್ಲ" ಎಂದ.

"ಪಾದ್ರಿಗಳು ಹಂದಿ ತೂಗುವುದಿಲ್ಲ ಗ್ರೆಗು."

"ಹೇಳಿದರೆ ಕೆಲಸ ಹೋಗ್ತದೆ. ಊರಿನವರ ಬಾಯಿಗೂ ಬೀಳ್ತಿ."

"ಹೇಳದಿದ್ದರೆ ನಲ್ವತ್ತು ಮನೆಯ ಗೂಡು ಹೋಗ್ತದೆ. ಪುಡಿ ಒಳ್ಳೆಯದೇ ಇರಬೇಕು ಮಾರಾಯ. ತೆಂಕಿನವಕ್ಕೆ ನಾನು ಒಂದು ಹನಿ ಗಂಜಿ ಹಾಕ್ಲಿಲ್ಲ, ಅವು ಗುಂಡಗೆ ಉಂಟು. ಹಾಲಿಗೆ ಹುಳಿ ಹಿಂಡಿದವಳು ನಾನು."

ಮರುದಿನ ಗ್ರೆಗೊರ್ ತಾನೇ ಸ್ಕೂಟರಿನಲ್ಲಿ ಅವಳನ್ನು ಕೇಂದ್ರದ ಗೇಟಿನವರೆಗೆ ಬಿಟ್ಟ. ಒಳಗೆ ಬರಲಾ ಎಂದೂ ಕೇಳಿದ. ಬೇಡ, ಬಕೆಟ್ ಹೊತ್ತವಳು ನಾನು ಎಂದಳು.

ಡಾಕ್ಟರು ನಿಂತೇ ಕೇಳಿದರು. ಬೈಯಲಿಲ್ಲ. ನೋಟುಪುಸ್ತಕ ತೆರೆದು, ಯಾವತ್ತಿನಿಂದ, ಯಾವ ಗೂಡಿಗೆ ಎಂದು ವಿಚಾರಿಸಿ ಬರೆದುಕೊಂಡರು. ದಿನಕ್ಕೆ ಎಷ್ಟು ಎಂದಾಗ ಸೆವ್ರಿನ್, "ಎರಡು ಬಕೆಟ್. ಬಂಗುಡೆ ಜಾಸ್ತಿ ಬಂದ ದಿನ ಮೂರು" ಎಂದಳು. ಆಗ ಡಾಕ್ಟರ ಪೆನ್ನು ನಿಂತಿತು.

"ಹನ್ನೊಂದು ವರ್ಷ ರೀ ಬಾಯಿ" ಎಂದರು. ಆ ಮಾತಿಗಿಂತ ಬೈದಿದ್ದರೇ ವಾಸಿಯಿತ್ತು ಎಂದು ಸೆವ್ರಿನ್‌ಳಿಗೆ ಅನ್ನಿಸಿತು.

ಆಮೇಲೆ ಡಾಕ್ಟರು ಬಗ್ಗಿ ಕಪಾಟಿನ ಕೆಳಗಿನಿಂದ ಕಿತ್ತು ಹಾಕಿದ ಎರಡು ಹಳೇ ಮೀಟರುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಹಂದಿ ಮೀನು ತಿಂದಿತ್ತು, ಹೆಚ್ಚಾದದ್ದನ್ನು ಚೆಲ್ಲಿತ್ತು, ಮೀಟರು ಅದನ್ನೇ ಹೇಳಿತ್ತು.

"ಇವು ಖರೇ ಹೇಳಿದ್ವು. ನಾನು ಕೇಳಲಿಲ್ಲ. ಒಂದ ಸಲನಾದ್ರೂ ಮಧ್ಯಾಹ್ನ ಗೂಡಿಗೆ ಹೋಗಿ ಮೂಗಿನಿಂದ ನೋಡಿದ್ರ ಗೊತ್ತಾಗ್ತಿತ್ತು. ನಾ ಇಲ್ಲಿ ಕೂತು ಪರದೆ ನೋಡಿದೆ." ಅವರ ಕಣ್ಣು ತುಂಬಿತ್ತು. "ನೀವು ಈಗ ಮನಿಗೆ ಹೋಗ್ರಿ. ನನಗ ನಿಮ್ಮ ಮ್ಯಾಲೆ ಭಾಳ ಸಿಟ್ಟು ಬಂದದ. ಗುರುವಾರ ಬರ್ರಿ."

ಗುರುವಾರ ಪರದೆಯಲ್ಲಿ ಮೂರು ಮುಖಗಳು ಮೂಡಿದವು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ತೊಂಬತ್ತು ದಿನದ ಅಂಕಿ ಅಂಶವೆಲ್ಲ ಕಸ, ತಪ್ಪು ನಮ್ಮ ಕೇಂದ್ರದ್ದು, ಇನ್ನೊಂದು ಅವಕಾಶ ಕೊಡಿ ಎಂದರು. ಸಮಿತಿಯ ಅಧ್ಯಕ್ಷರು ಮುದುಕರು, ಮೆಲ್ಲಗೆ ಮಾತಾಡುವವರು. ಹೊಸ ಮರಿಗಳು, ಹೊಸ ಚೀಟಿ, ನಲ್ವತ್ತೆರಡು ದಿನ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎಂದರು. ಕೆಲಸದವರನ್ನು ಬದಲಾಯಿಸುತ್ತೀರಲ್ಲ ಎಂದೂ ಕೇಳಿದರು.

"ಇಲ್ಲ ಸರ್" ಎಂದರು ಡಾಕ್ಟರು. "ಹೊಸಬರು ಬಂದ್ರ ಅವರ ಕಣ್ಣಿಗೂ ಹಸಿದ ಮರಿ ಬೀಳ್ತದ. ಅವರು ಏನ್ ಮಾಡ್ತಾರ ನನಗ ಗೊತ್ತಿಲ್ಲ. ಇವರು ಏನ್ ಮಾಡಿದ್ರು ಗೊತ್ತದ, ಬಂದು ಹೇಳಿದ್ದೂ ಗೊತ್ತದ."

ಸಭೆ ಮುಗಿದ ಮೇಲೆ ಅವರು ಸೆವ್ರಿನ್‌ಳ ಕಡೆ ತಿರುಗಿದರು. "ಒಂದು ಗೂಡು ಸೊರಗ್ತದ ಬಾಯಿ. ಸೊರಗಬೇಕು. ಭಾಳ ಕೆಟ್ಟ ಮರಿ ಇದ್ರ ಒಂದನ್ನ ಹೊರಗ ತೆಗೀಬಹುದು. ಎರಡು ತೆಗೆದ್ರ ಪರೀಕ್ಷೆ ಬಿದ್ದು ಹೋಗ್ತದ. ನಿಮ್ಮ ಕೈಲೆ ಆಗ್ತದೇನು?"

ಆಗುತ್ತದೆ ಎಂದು ಹೇಳುವುದು ಸುಲಭವಿತ್ತು. ಸೆವ್ರಿನ್ ಅದನ್ನು ಹೇಳಲು ತುಂಬ ಹೊತ್ತು ತೆಗೆದುಕೊಂಡಳು.

ಈ ಸಲ ಹಸಿವು ತೆಂಕಿಗೆ ಬಂತು. ಎರಡನೆಯ ವಾರಕ್ಕೇ ಅವಳಿಗೆ ತಿಳಿಯಿತು, ಆದರೆ ಯಾರಿಗೂ ಹೇಳುವಂತಿರಲಿಲ್ಲ. ಬಡಗಿನ ಮರಿಗಳು ತಿಂದು, ಒಂದರ ಮೇಲೊಂದು ಬಿದ್ದು ನಿದ್ದೆ ಹೋಗುತ್ತಿದ್ದವು. ತೆಂಕಿನವು ನಿದ್ದೆ ಮಾಡುತ್ತಿರಲಿಲ್ಲ. ಖಾಲಿ ದೋಣಿಯನ್ನು ಮೂತಿಯಿಂದ ತಳ್ಳಿ ತಳ್ಳಿ ಸದ್ದು ಮಾಡುತ್ತಿದ್ದವು. ಅವಳು ನೀರಿನ ಬಕೆಟ್ ತಂದರೆ ನುಗ್ಗಿ ಬಂದು ಬಾಯಿ ಹಾಕಿ, ಬರೀ ನೀರೆಂದು ತಿಳಿದು ಅವಳ ಮುಖ ನೋಡುತ್ತಿದ್ದವು. ಹಂದಿ ಮುಖ ನೋಡುವುದಿಲ್ಲ ಎನ್ನುವವರು ಹಂದಿ ಸಾಕಿದವರಲ್ಲ.

ಡಾಕ್ಟರು ಈಗ ದಿನಾ ಮಧ್ಯಾಹ್ನ ಮೂಗಿಗೆ ಬಟ್ಟೆ ಕಟ್ಟದೆ ಎರಡೂ ಗೂಡಿಗೆ ಬರುತ್ತಿದ್ದರು. ಬಾಲ ಕಚ್ಚುವುದು ಶುರುವಾದಾಗ ಸೆವ್ರಿನ್, "ತೆಂಗಿನ ಸಿಪ್ಪೆ ಹಾಕಬಹುದಾ ಡಾಕ್ಟ್ರೆ, ಕಚ್ಚಲಿಕ್ಕೆ?" ಎಂದು ಕೇಳಿದಳು. ಹಾಕಿ, ಆದರೆ ಎರಡೂ ಗೂಡಿಗೆ ಲೆಕ್ಕ ಮಾಡಿ ಸಮ ಹಾಕಿ ಎಂದರು. ಅವಳು ಎಣಿಸಿ ಹಾಕಿದಳು. ಸಿಪ್ಪೆಯಿಂದ ಬಾಲಗಳು ಉಳಿದವು, ಹೊಟ್ಟೆ ತುಂಬಲಿಲ್ಲ.

ಮನೆಯಲ್ಲಿ ಗ್ರೆಗೊರ್ ಮೀನಿನ ತಲೆಗಳನ್ನು ಅವಳ ಕಣ್ಣಿಗೆ ಬೀಳದ ಹಾಗೆ ತಾನೇ ಬೇಯಿಸಿ ಕಪ್ಪಿಗೆ ಹಾಕುತ್ತಿದ್ದ. ಕೇಂದ್ರಕ್ಕೆ ಹೊರಡುವ ಮೊದಲು ಅವಳು ಉಗುರಿನ ಸಂದಿಯವರೆಗೂ ಕೈ ತೊಳೆಯುತ್ತಿದ್ದಳು. ಒಂದು ದಿನ ನೆರೆಮನೆಯ ಲೂಸಿಬಾಯಿ ಬೇಲಿಯ ಆಚೆಯಿಂದ, ನಮ್ಮ ಗೂಡು ಉಳಿಯುತ್ತದಾ ಸೆವ್ರಿನ್ ಎಂದು ಕೇಳಿದಳು. ತೂಗುತ್ತಾ ಇದ್ದೇವೆ ಎಂದಷ್ಟೇ ಹೇಳಿ ಸೆವ್ರಿನ್ ಒಳಗೆ ಬಂದಳು. ಊಟಕ್ಕೆ ಕುಳಿತು ಎದ್ದುಬಿಟ್ಟಳು.

"ನಾನು ಎಂಥ ಹೆಂಗಸು ಗ್ರೆಗು" ಎಂದಳು. "ದಿನಾ ಹೋಗಿ ಹಸಿದ ಮರಿಗಳ ಎದುರು ಕೈಕಟ್ಟಿ ನಿಲ್ಲುತ್ತೇನೆ."

"ಅವು ಹಸಿದದ್ದು ನಿನ್ನಿಂದ ಅಲ್ಲ. ಕಾಯಿದೆಯಿಂದ."

"ಅವುಗಳಿಗೆ ಕಾಯಿದೆ ಕಾಣುವುದಿಲ್ಲ. ನಾನು ಕಾಣ್ತೇನೆ."

ಐದನೆಯ ವಾರ ತೆಂಕಿನ ಒಂದು ಮರಿ ಹಿಂಗಾಲು ಎಳೆಯತೊಡಗಿತು. ಡಾಕ್ಟರು ಅದನ್ನು ಹೊರಗೆ ತೆಗೆದು ಬೇರೆ ಕೋಣೆಯಲ್ಲಿ ಸರಿಯಾದ ಆಹಾರಕ್ಕೆ ಹಾಕಿದರು. ಮರುದಿನವೇ ಇನ್ನೊಂದು, ಎಲ್ಲಕ್ಕಿಂತ ಚಿಕ್ಕದು, ದೋಣಿಯ ಹತ್ತಿರ ಮಲಗಿ ಏಳಲಿಲ್ಲ. ಸೆವ್ರಿನ್ ಅದರ ಪಕ್ಕ ಕೂತು ಬೆನ್ನು ತಿಕ್ಕಿದಳು. ಡಾಕ್ಟರು ಬಂದು, ಪರೀಕ್ಷೆ ಬಿದ್ದರೂ ಸರಿ, ತೆಗೆಯೋಣವೇ ಎಂದು ಕೇಳಿದರು. ಪ್ರಾಣ ಹೋಗುವವರೆಗೆ ಕಾಯುವವರು ತಾವಲ್ಲ ಎಂದೂ ಹೇಳಿದರು. ಸೆವ್ರಿನ್ ಮರಿಯ ಕಿವಿ ಮುಟ್ಟಿ ನೋಡಿದಳು, ಬಾಯಿ ಬಿಡಿಸಿ ವಸಡು ನೋಡಿದಳು, ಹೊಟ್ಟೆಯ ಕೆಳಗೆ ಕೈ ಹಾಕಿ ಎತ್ತಿದಳು. ನಲ್ವತ್ತು ವರ್ಷ ಹಂದಿ ಎತ್ತಿದ ಕೈ.

"ಇದು ಸಾಯುವ ಮರಿ ಅಲ್ಲ ಡಾಕ್ಟ್ರೆ. ಬೇಸರದ ಮರಿ. ನಿಲ್ತದೆ."

ಮರಿ ನಿಂತಿತು. ನಾಲ್ಕು ಹೆಜ್ಜೆ ನಡೆದು ದೋಣಿಗೆ ಮೂತಿ ಹಾಕಿತು. ಸೆವ್ರಿನ್ ಆ ಮಧ್ಯಾಹ್ನವೆಲ್ಲ ಅಲ್ಲಿಂದ ಕದಲಲಿಲ್ಲ.

ಕೊನೆಯ ತೂಕ ಕ್ರಿಸ್ಮಸ್ಸಿಗೆ ನಾಲ್ಕು ದಿನ ಇರುವಾಗ. ಸಮಿತಿಯವರು ಪರದೆಯಲ್ಲಿ ನೋಡುತ್ತಿದ್ದರು. ಬಡಗಿನ ಮರಿಗಳು ಮೂವತ್ತೆಂಟು, ನಲ್ವತ್ತು, ಮೂವತ್ತೊಂಬತ್ತು ಕಿಲೋ ತೂಗಿದವು. ತೆಂಕಿನವನ್ನು ಹತ್ತಿಸಿದಾಗ ಸೆವ್ರಿನ್ ಮುಳ್ಳನ್ನು ಎರಡೆರಡು ಸಲ ನೋಡಿ, ಪರದೆಯ ಆಚೆಗೂ ಕೇಳುವಂತೆ ಕೂಗಿದಳು. ಇಪ್ಪತ್ತೊಂದು. ಇಪ್ಪತ್ತು. ಇಪ್ಪತ್ತೆರಡು. ಚಿಕ್ಕದು ಹದಿನೇಳೂವರೆ. ಸ್ವರ ಒಂದೇ ಸಮನೆ ಇತ್ತು. ತನ್ನ ಸ್ವರ ನಡುಗಿದರೆ ಕಡಿಮೆ ಹೇಳಿದಳೋ ಹೆಚ್ಚು ಹೇಳಿದಳೋ ಎಂದು ಯಾರಿಗಾದರೂ ಅನುಮಾನ ಬಂದೀತೆಂದು ಅವಳು ಆರು ವಾರವೂ ಹಾಗೇ ಕೂಗಿದ್ದಳು.

ತೂಕ ಮುಗಿದದ್ದೇ ಅವಳು ಮರಿಗಳನ್ನು ಗೂಡಿಗೆ ಹೊಡೆದುಕೊಂಡು ಹೋದಳು. ಮೊಹರು ಒಡೆಯುವುದನ್ನು ನೋಡಲು ನಿಲ್ಲಲಿಲ್ಲ. ಅರ್ಧ ಗಂಟೆ ಕಳೆದು ಡಾಕ್ಟರು ತೆಂಕಿನ ಗೂಡಿಗೆ ಬಂದರು. ಕೈಯಲ್ಲಿ ಪುಡಿಯ ಡಬ್ಬಿ ಇತ್ತು.

"ತೆಂಕಿಗೆ ಪುಡಿ ಇರಲಿಲ್ಲ ಬಾಯಿ. ಬಡಗಿಗೆ ಇತ್ತು. ಒಪ್ಪಿಗೆ ಆತು. ಜನವರಿಯಿಂದ ಮನಿ ಗೂಡುಗಳಿಗೆ ಪುಡಿ ಕೊಡ್ತಾರ. ನಲ್ವತ್ತೂ ಮನಿ."

ಸೆವ್ರಿನ್ ತಲೆ ಆಡಿಸಿದಳು. ಕಪ್ಪಿ ಉಳಿಯಿತು, ಅದರ ಹೊಟ್ಟೆಯಲ್ಲಿದ್ದವೂ ಉಳಿದವು. ಹಿಗ್ಗಬೇಕಾದ ಹೊತ್ತು. ಅವಳ ಕಣ್ಣು ಡಬ್ಬಿಯ ಮೇಲಿತ್ತು.

"ಇವಕ್ಕೆ ಈಗ ಹಾಕಬಹುದಾ?"

"ಅದಕ್ಕ ತಂದೀನಿ."

ಅವಳು ದೋಣಿಯ ಹಿಟ್ಟಿಗೆ ಪುಡಿ ಸುರಿದು, ಬೇಕಾದ ನೀರು ಬೆರೆಸಿ, ಮೊಣಕೈವರೆಗೂ ಕೈ ಇಳಿಸಿ ಕಲಸಿದಳು. ಹನ್ನೊಂದು ಮರಿಗಳೂ ನುಗ್ಗಿದವು. ಚಿಕ್ಕದಕ್ಕೆ ಸಿಗಲೆಂದು ಅವಳು ಮೊಣಕಾಲನ್ನು ಅಡ್ಡ ಕೊಟ್ಟು ಜಾಗ ಮಾಡಿದಳು.

"ಇವತ್ತಿನಿಂದಲೇ ಹೊಟ್ಟೆ ತುಂಬ್ತದಾ ಡಾಕ್ಟ್ರೆ?"

ಡಾಕ್ಟರು ಸುಳ್ಳು ಹೇಳಲಿಲ್ಲ. "ಜೀವಾಣು ಕರುಳಿನ್ಯಾಗ ನೆಲೆ ನಿಲ್ಲಬೇಕಲ್ರಿ. ಹತ್ತು ದಿನ ಹಿಡಿತದ."

"ಇನ್ನು ಹತ್ತು ದಿನವಾ" ಎಂದಳು ಸೆವ್ರಿನ್. ಚಿಕ್ಕದರ ಮೂತಿಯನ್ನು ದೋಣಿಗೆ ಸರಿಸಿ ಕೇಳಿದಳು, "ನಾನು ತೂಕ ಸರಿಯಾಗಿ ಹೇಳಿ ಆಯ್ತಲ್ಲ? ಇನ್ನು ತೂಗಲಿಕ್ಕೆ ಇಲ್ಲವಲ್ಲ?"

"ಒಂದು ಗ್ರಾಂ ತಪ್ಪಿಲ್ಲ ಬಾಯಿ. ಎಲ್ಲಾ ಮುಗೀತು. ಜನವರಿ ಒಂದರ ತನಕ ಮೀನಿಗೆ ಅಡ್ಡಿಯಿಲ್ಲ, ನಾಳೆಯಿಂದ ನಿಮ್ಮ ಬಕೆಟ್ ತರ್ರಿ."

ಸೆವ್ರಿನ್ ಒದ್ದೆ ನೆಲದ ಮೇಲೆ ಕುಳಿತು, ಹಿಟ್ಟು ಮೆತ್ತಿದ ಕೈಗಳನ್ನೇ ಮುಖಕ್ಕೆ ಒತ್ತಿಕೊಂಡು ಅತ್ತಳು. ಡಾಕ್ಟರು ಡಬ್ಬಿಯನ್ನು ಪಕ್ಕಕ್ಕಿಟ್ಟು ಅವಳ ಹತ್ತಿರ ಕುಳಿತರು.